ಮಳೆಯ ಹಾಡಿನಲ್ಲಿ ಚೇತರಿಕೆಯನ್ನು ಬರೆಯುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ದುಃಖದಿಂದ ಚೇತರಿಸಿಕೊಳ್ಳುವ ಮನಸ್ಸಿಗೆ ಮಳೆಯನ್ನು ರೂಪಕವಾಗಿಟ್ಟು ಹಾಡು ಬರೆಯಲು ಹೊರಟವರಲ್ಲಿ ಬಹುಪಾಲು ಜನ ಒಂದೇ ಜಾಗದಲ್ಲಿ ಎಡವುತ್ತಾರೆ. ಪಲ್ಲವಿಯ ಮೊದಲ ಸಾಲಿನಲ್ಲಿ ಮಳೆ ಬರುತ್ತದೆ, ಎರಡನೆಯ ಸಾಲಿನಲ್ಲಿ ನೋವು ತೊಳೆದುಹೋಗುತ್ತದೆ. ಅಲ್ಲಿಗೆ ಹಾಡಿನ ಕೆಲಸ ಮುಗಿದು, ಉಳಿದ ಎರಡು ಮೂರು ಚರಣಗಳಲ್ಲಿ ಹನಿ, ಇನಿ, ದನಿ ಎಂಬ ಪ್ರಾಸಗಳು ಸುಮ್ಮನೆ ಸುತ್ತುತ್ತಿರುತ್ತವೆ. ಪ್ರಾಸವನ್ನು ಎಷ್ಟು ತಿದ್ದಿದರೂ ಇದು ಸರಿಹೋಗುವುದಿಲ್ಲ, ಏಕೆಂದರೆ ತಪ್ಪಿರುವುದು ಬರವಣಿಗೆಯ ಕ್ರಮದಲ್ಲಿ.

ಈ ಮಾರ್ಗದರ್ಶಿಯ ಮುಖ್ಯ ಮಾತು ಇಷ್ಟು: ಚೇತರಿಸಿಕೊಳ್ಳುವುದು ನೆಲ, ಮಳೆಯಲ್ಲ. ಆದ್ದರಿಂದ ಹಾಡಿನ ಕಣ್ಣು ಮೋಡದ ಮೇಲಿರುವುದಕ್ಕಿಂತ ಹೆಚ್ಚು ಹೊತ್ತು ಮಣ್ಣಿನ ಮೇಲಿರಬೇಕು. ವಿವರಣೆಗೆಂದು ಒಂದು ಚಿಕ್ಕ ಹಾಡನ್ನು ಇಲ್ಲಿಯೇ ಕಟ್ಟುತ್ತಾ ಹೋಗೋಣ. ಅದರ ಸನ್ನಿವೇಶ ಹೀಗಿದೆ: ಗದಗಿನ ಕಡೆಯ ಎರೆಭೂಮಿಯಲ್ಲಿ ತಂದೆ ತೀರಿಕೊಂಡಿದ್ದಾರೆ, ಮಗಳು ಆ ವರ್ಷ ಹೊಲದ ಕಡೆ ತಲೆ ಹಾಕಿಲ್ಲ.

ಕೈಯಲ್ಲಿ ಏನೇನಿರಬೇಕು

ಒಂದು ನೋಟ್‌ಬುಕ್, ಧ್ವನಿಮುದ್ರಣ ಮಾಡಲು ಬರುವ ಒಂದು ಫೋನು, ಮಳೆ ನಕ್ಷತ್ರಗಳನ್ನು ನಮೂದಿಸಿರುವ ಒಂದು ಪಂಚಾಂಗ ಅಥವಾ ಗೋಡೆ ಕ್ಯಾಲೆಂಡರ್, ತಾಳ ಹಾಕಲು ಒಂದು ಮೇಜು. ಇವುಗಳ ಜೊತೆಗೆ, ನಿಮ್ಮ ಹಾಡಿನ ಅರ್ಥವನ್ನು ಮೊದಲೇ ಕೇಳಿರದ, ಸುಮಾರಾಗಿ ಶ್ರುತಿಯಲ್ಲಿ ಹಾಡಬಲ್ಲ ಒಬ್ಬರು ಬೇಕು. ಕೊನೆಯ ಹಂತದಲ್ಲಿ ಅವರಿಲ್ಲದೆ ಕೆಲಸ ಸಾಗುವುದಿಲ್ಲ. ಪ್ರಾಸಪದಗಳ ಪಟ್ಟಿಯನ್ನು ಮಾತ್ರ ಮೊದಲ ಐದು ಹಂತ ಮುಗಿಯುವವರೆಗೆ ತೆರೆಯಬೇಡಿ.

ಹಂತ 1: ಮಳೆಯನ್ನು ಬದಿಗಿಟ್ಟು ಬರವನ್ನು ಬರೆಯಿರಿ

ಮೊದಲ ಪುಟದಲ್ಲಿ ಮಳೆ ಎಂಬ ಶಬ್ದವೇ ಬರಕೂಡದು. ಯಾರು ಹೋದರು, ಹೋದ ಮೇಲೆ ಯಾವ ಕೆಲಸ ನಿಂತುಹೋಯಿತು, ಆ ನಿಂತ ಕೆಲಸಕ್ಕೆ ಸೇರಿದ ಯಾವ ವಸ್ತು ಮನೆಯಲ್ಲಿ ಎಲ್ಲಿ ಬಿದ್ದಿದೆ ಎಂಬ ಮೂರು ಪ್ರಶ್ನೆಗಳಿಗೆ ಗದ್ಯದಲ್ಲಿ ಉತ್ತರ ಬರೆಯಿರಿ. ಭಾವನೆಯ ಹೆಸರುಗಳನ್ನು, ಅಂದರೆ ನೋವು, ವಿರಹ, ಮನಸು, ಕಣ್ಣೀರು, ಏಕಾಂತ ಮೊದಲಾದವನ್ನು, ಈ ಪುಟದ ಮಟ್ಟಿಗೆ ನಿಷೇಧಿಸಿಕೊಳ್ಳಿ. ಮೊದಮೊದಲು ಉಸಿರುಗಟ್ಟಿದಂತೆ ಅನ್ನಿಸುತ್ತದೆ. ಆದರೆ ಆ ಪದಗಳು ಕೈಗೆ ಸಿಗದಿದ್ದಾಗಲೇ ಕಣ್ಣು ವಸ್ತುಗಳನ್ನು ಹುಡುಕಲು ಶುರುಮಾಡುತ್ತದೆ.

ನಮ್ಮ ಉದಾಹರಣೆಯಲ್ಲಿ ನಿಂತುಹೋದ ಕೆಲಸ ಬಿತ್ತನೆ, ಅದಕ್ಕೆ ಸೇರಿದ ವಸ್ತು ಕೂರಿಗೆ. ಬೀಜ ಹಾಕುವ ಕೂರಿಗೆಯ ಬಟ್ಟಲು ಮೇಲ್ಮುಖವಾಗಿ ತೆರೆದಿರುತ್ತದೆ. ಬಳಸದೆ ಗೋಡೆಗೆ ಒರಗಿಸಿಟ್ಟರೆ ಜೇಡ ಮೊದಲು ಬಲೆ ಕಟ್ಟುವುದು ಆ ಬಟ್ಟಲಿನ ಬಾಯಿಗೇ. ಇಷ್ಟು ಸಿಕ್ಕಿದರೆ ಮೊದಲ ಹಂತ ಮುಗಿದ ಹಾಗೆ. ಎರಡು ಮೂರು ವಸ್ತುಗಳು ಸಿಕ್ಕಿದರೂ ಒಂದನ್ನೇ ಉಳಿಸಿಕೊಳ್ಳಿ. ಅಪ್ಪನ ಚಪ್ಪಲಿ, ಅಪ್ಪನ ರುಮಾಲು, ಅಪ್ಪನ ಕೂರಿಗೆ ಎಲ್ಲವೂ ಒಂದೇ ಹಾಡಿಗೆ ಬಂದರೆ ಕೇಳುವವರಿಗೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ.

ಹಂತ 2: ಯಾವ ಮಳೆ ಎಂಬುದನ್ನು ಗೊತ್ತುಮಾಡಿಕೊಳ್ಳಿ

ಬರೀ ಮಳೆ ಎಂದರೆ ಹಾಡಿಗೆ ಏನೂ ಹೇಳಿದಂತಾಗುವುದಿಲ್ಲ. ಕನ್ನಡದ ರೈತರು ಮಳೆಯನ್ನು ಅದರ ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ. ಸೂರ್ಯ ಒಂದೊಂದು ನಕ್ಷತ್ರದಲ್ಲಿರುವ 13–14 ದಿನಗಳ ಅವಧಿಗೆ ಒಂದೊಂದು ಮಳೆಯ ಹೆಸರಿದೆ, ಪ್ರತಿಯೊಂದಕ್ಕೂ ಅದರದೇ ಸ್ವಭಾವ ಮತ್ತು ಕೆಲಸವಿದೆ. ಬೇಸಿಗೆಯ ನಡುವೆ ಬರುವ ಭರಣಿ ಮಳೆಯ ಬಗ್ಗೆ, ಅದು ಬಂದರೆ ಧರಣಿಯೆಲ್ಲ ಬೆಳೆ ಎಂಬ ಗಾದೆಯಿದೆ. ಜೂನ್ 7–8ರ ಹೊತ್ತಿಗೆ ಹುಟ್ಟುವ ಮೃಗಶಿರವನ್ನು ಉತ್ತರ ಕರ್ನಾಟಕದಲ್ಲಿ ಮಿರಗ ಎನ್ನುತ್ತಾರೆ, ಅದು ಮುಂಗಾರಿನ ಬಿತ್ತನೆಯ ಆರಂಭ. ಆಗಸ್ಟ್ ಎರಡನೆಯ ಅರ್ಧದ ಮಘೆ ಎಷ್ಟು ಬಂದರೂ ಮೇಲೇ. ಮನೆಯ ಮಗ ಉಂಡಷ್ಟೂ ಒಳ್ಳೆಯದು, ಮಘೆ ಸುರಿದಷ್ಟೂ ಒಳ್ಳೆಯದು ಎಂಬರ್ಥದ ಮಾತು ಹಳ್ಳಿಗಳಲ್ಲಿದೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 10ರ ಸುಮಾರಿನವರೆಗೆ ಹಸ್ತ, ಅದರ ಹಿಂದೆ ಚಿತ್ತ, ಆಮೇಲೆ ಸ್ವಾತಿ. ಇವು ಹಿಂಗಾರಿನ ಮಳೆಗಳು.

ನಿಮ್ಮ ಹಾಡಿನಲ್ಲಿ ಚೇತರಿಕೆ ಎಷ್ಟು ತಡವಾಗಿ ಬರುತ್ತದೆ ಎಂಬುದನ್ನು ನೋಡಿಕೊಂಡು ಮಳೆಯನ್ನು ಆಯ್ದುಕೊಳ್ಳಬೇಕು. ಸಣ್ಣ ಮುನಿಸು ಕರಗುವ ಹಾಡಾದರೆ ಬೇಸಿಗೆಯ ಅಡ್ಡಮಳೆ ಸಾಕು. ಸಂಜೆ ಗುಡುಗಿ, ದೂಳು ಅಡಗಿಸಿ, ರಾತ್ರಿಯೊಳಗೆ ಚುಕ್ಕಿ ಕಾಣಿಸುವ ಮಳೆ ಅದು. ವರ್ಷಗಟ್ಟಲೆ ಒಳಗೇ ಇಟ್ಟುಕೊಂಡ ದುಃಖಕ್ಕೆ ಅದನ್ನು ತಂದರೆ ಹಾಡು ಸುಳ್ಳಾಗುತ್ತದೆ. ತಂದೆಯನ್ನು ಕಳೆದುಕೊಂಡು ಮುಂಗಾರಿನ ಬಿತ್ತನೆಯನ್ನೇ ತಪ್ಪಿಸಿಕೊಂಡ ಮಗಳಿಗೆ ಹಿಂಗಾರೇ ಸರಿಯಾದ ಕಾಲ, ಹಾಗಾಗಿ ನಾವು ಹಸ್ತವನ್ನು ತೆಗೆದುಕೊಂಡೆವು. ಹಿಂಗಾರಿ ಜೋಳ ಬಿತ್ತುವುದೂ ಆ ಹದದಲ್ಲೇ.

ಮಳೆಯ ಬೀಳುವ ರೀತಿಗೂ ಭಾಷೆಯಲ್ಲಿ ಪದಗಳು ಸಾಕಷ್ಟಿವೆ: ಸೋನೆ, ತುಂತುರು, ಜಿಟಿಜಿಟಿ, ಜಡಿಮಳೆ, ಬಿರುಮಳೆ. ಮಲೆನಾಡಿನವರು ಮಳೆ ನಡುವೆ ಬಿಟ್ಟು ಬೆಳಕಾಗುವುದಕ್ಕೆ ಹೊಳವು ಎನ್ನುತ್ತಾರೆ. ಚೇತರಿಕೆಯ ಹಾಡಿಗೆ ಇಷ್ಟು ಹೇಳಿಮಾಡಿಸಿದ ಪದವಿದ್ದೂ ಹೊಸಬರ ಸಾಲುಗಳಲ್ಲಿ ಅದು ಕಾಣಿಸುವುದೇ ಇಲ್ಲ ಎಂಬುದು ನನಗೆ ಯಾವಾಗಲೂ ಸೋಜಿಗ. ಆದರೆ ಹೊಳವು ಎಂಬುದು ಹೊಲದ ಕಡೆಯ ಎರೆನಾಡಿನವರ ಬಾಯಲ್ಲಿ ಬಾರದು. ಹಾಡುವ ಪಾತ್ರ ಯಾವ ಸೀಮೆಯದೋ ಆ ಸೀಮೆಯ ಪದವನ್ನೇ ಬಳಸಿ. ಕ್ಯಾಲಿಫೋರ್ನಿಯಾದಲ್ಲಿ ಕುಳಿತು ಅಲ್ಲಿಯ ಬದುಕಿನ ಹಾಡು ಬರೆಯುವ ಕನ್ನಡಿಗರು ನೆನಪಿಡಬೇಕಾದದ್ದೂ ಇದನ್ನೇ: ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಆದ್ದರಿಂದ ಜೂನ್ ತಿಂಗಳ ಮೋಡವನ್ನು ಅಲ್ಲಿಯ ಕಿಟಕಿಗೆ ತಂದು ನಿಲ್ಲಿಸಬಾರದು.

ಹಂತ 3: ನೆಲವನ್ನು ಹತ್ತಿರದಿಂದ ನೋಡಿ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು, ಏಕೆಂದರೆ ರೂಪಕ ನಿಜವಾಗಿ ದುಡಿಯುವುದು ಇಲ್ಲಿ. ಒಂದೇ ಮಳೆ ಬೇರೆ ಬೇರೆ ಮಣ್ಣಿನಲ್ಲಿ ಬೇರೆ ಬೇರೆ ಕೆಲಸ ಮಾಡುತ್ತದೆ.

ಎರೆಮಣ್ಣು ಬೇಸಿಗೆಯಲ್ಲಿ ಕುಗ್ಗಿ ಸೀಳುತ್ತದೆ, ಬಿರುಕಿನೊಳಗೆ ಕೈ ಇಳಿಬಿಡಬಹುದು. ಮೊದಲ ಮಳೆಯ ನೀರು ಮೇಲೆ ನಿಲ್ಲದೆ ಆ ಬಿರುಕುಗಳ ಮೂಲಕವೇ ಆಳಕ್ಕೆ ಹೋಗುತ್ತದೆ. ಬಿರುಕನ್ನು ಹೊರಗಿನಿಂದ ಯಾರೂ ಮುಚ್ಚುವುದಿಲ್ಲ, ನೀರು ಕುಡಿದ ಮಣ್ಣು ತಾನೇ ಉಬ್ಬಿ ಕೂಡಿಕೊಳ್ಳುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಗುಣ ಈ ಮಣ್ಣಿಗಿದೆ. ಹಿಂಗಾರಿ ಜೋಳ ಬೆಳೆಯುವುದು ಬಹುಮಟ್ಟಿಗೆ ಮಳೆ ನಿಂತ ಮೇಲೆ, ಎರೆಮಣ್ಣು ಒಳಗೆ ಹಿಡಿದಿಟ್ಟ ತೇವದ ಮೇಲೆ. ಸಮಾಧಾನ ಹೇಳಿದವರೆಲ್ಲ ತಮ್ಮ ತಮ್ಮ ಊರಿಗೆ ಹೋದ ಮೇಲೆ ಶುರುವಾಗುವ ಚೇತರಿಕೆಗೆ ಇದಕ್ಕಿಂತ ನಂಬಬಹುದಾದ ರೂಪಕ ಸಿಗುವುದು ಕಷ್ಟ.

ಕೆಂಪುಮಣ್ಣಿನ ಕಥೆ ಬೇರೆ. ಬಿತ್ತಿದ ಮೇಲೆ ದಪ್ಪ ಹನಿಯ ಬಿರುಮಳೆ ಬಿದ್ದು ಬಿಸಿಲು ಕಾದರೆ ಮೇಲ್ಪದರ ಗಟ್ಟಿಯಾಗಿ ಮೊಳಕೆ ಹೊರಬರಲಾರದು. ಹೊತ್ತಲ್ಲದ ಹೊತ್ತಿನಲ್ಲಿ ಸುರಿದ ಸಾಂತ್ವನ ಮನಸ್ಸನ್ನು ಇನ್ನಷ್ಟು ಗಟ್ಟಿ ಮಾಡುವ ಹಾಡನ್ನು ಬರೆಯುವವರು ಕೋಲಾರ, ತುಮಕೂರಿನ ಕಡೆಯ ಈ ನೆಲವನ್ನು ಆರಿಸಿಕೊಳ್ಳಬಹುದು. ಮಲೆನಾಡಿನಲ್ಲಾದರೆ ಮಳೆ ಹಿಡಿದು ವಾರಗಳಾದ ಮೇಲೆ, ಗುಡ್ಡ ಪೂರ್ತಿ ನೆನೆದ ಮೇಲೆ, ದರೆಯ, ಅಂದರೆ ಕಡಿದಾದ ಮಣ್ಣಿನ ಗೋಡೆಯ, ಬುಡದಲ್ಲಿ ಒರತೆ ಏಳುತ್ತದೆ. ಸಾವಿನ ದಿನ ಅಳದವರು ತಿಂಗಳುಗಳ ನಂತರ ಯಾವುದೋ ಸಣ್ಣ ಕಾರಣಕ್ಕೆ ಅತ್ತುಬಿಡುವುದನ್ನು ಬರೆಯಲು ಆ ಒರತೆ ಒದಗುತ್ತದೆ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಮೇಲೆ ಮಳೆ ಬೀಳುವ ಆಗುಂಬೆಯಲ್ಲಿ ಮಳೆ ಬಂತು ಎಂಬುದು ಸುದ್ದಿಯೇ ಅಲ್ಲ, ಅಲ್ಲಿ ಮಳೆ ಬಿಟ್ಟಿತು ಎಂಬುದು ಸುದ್ದಿ. 500 ಮಿಲಿಮೀಟರ್ ಆಸುಪಾಸಿನ ಚಳ್ಳಕೆರೆಯಲ್ಲಿ ಒಂದು ಹದಮಳೆಯೇ ಇಡೀ ಹಾಡಾಗಬಹುದು. ಬೆಂಗಳೂರಿನ ಹಾಡಾದರೆ ನೆಲ ಎಂದರೆ ತಾರಸಿ, ಒಣಗಹಾಕಿ ಮರೆತ ಬಟ್ಟೆ, ಎರಚಲು ಹೊಡೆಯುವ ಬಾಲ್ಕನಿ. ಅಲ್ಲಿ ಇಂಗುವ ನೆಲವೇ ಇಲ್ಲ ಎಂಬುದನ್ನೂ ರೂಪಕವಾಗಿ ಬಳಸಿಕೊಳ್ಳಬಹುದು.

ಮಣ್ಣಿನ ವಾಸನೆಯ ಸಾಲಿನ ಬಗ್ಗೆ ಒಂದು ಎಚ್ಚರಿಕೆ. ಮಣ್ಣಿನ ಸೂಕ್ಷ್ಮಜೀವಿಗಳಿಂದ ಉಂಟಾಗುವ ಜಿಯೋಸ್ಮಿನ್ ಎಂಬ ವಸ್ತು ಒಣನೆಲದ ಮೇಲೆ ಹನಿಗಳು ಬಿದ್ದಾಗ ಗಾಳಿಗೆ ಸೇರುವುದರಿಂದ ಆ ವಾಸನೆ ಹುಟ್ಟುತ್ತದೆ. ಆದ್ದರಿಂದ ಅದು ಒಣಹವೆಯ ನಂತರದ ಮೊದಲ ಹನಿಗಳಿಗೆ ಸೇರಿದ್ದು. ಮೂರು ದಿನ ಜಡಿಮಳೆ ಹಿಡಿದಿದೆ ಎಂದು ಬರೆದು ಮುಂದಿನ ಸಾಲಿನಲ್ಲಿ ಮಣ್ಣಿನ ಘಮ ತಂದರೆ, ಹಳ್ಳಿಯಲ್ಲಿ ಬೆಳೆದ ಕೇಳುಗರು ಅಲ್ಲಿಯೇ ನಿಮ್ಮ ಕೈ ಬಿಡುತ್ತಾರೆ.

ಹಂತ 4: ಚರಣಗಳನ್ನು ಕಾಲಕ್ರಮದಲ್ಲಿ ಜೋಡಿಸಿ

ಮೊದಲ ಚರಣ ಒಣನೆಲಕ್ಕೆ, ಎರಡನೆಯದು ಮಳೆಗೆ, ಮೂರನೆಯದು ಮಳೆ ನಿಂತ ನಂತರದ ದಿನಕ್ಕೆ. ಮೂರನೆಯದನ್ನು ಬಿಟ್ಟುಬಿಡುವುದೇ ಅತಿ ಸಾಮಾನ್ಯವಾದ ತಪ್ಪು. ಮಳೆಯಲ್ಲಿ ನೆನೆಯುತ್ತಿರುವಾಗಲೇ ಹಾಡು ಮುಗಿದರೆ ಕೇಳುಗರಿಗೆ ಸಿಗುವುದು ಹಗುರಾದ ಒಂದು ಗಳಿಗೆ ಮಾತ್ರ, ಚೇತರಿಸಿಕೊಂಡ ಬದುಕು ಕಾಣುವುದಿಲ್ಲ.

ನಮ್ಮ ಹಾಡಿನ ಮೊದಲ ಚರಣ:

ಎರೆನೆಲ ಸೀಳಿದೆ ಮೊಳಕೈ ಆಳಕೆ
ಕರೆದರು ಹೋಗೆನು ಬದುವಿನ ಆಚೆಗೆ

ಎರಡನೆಯ ಚರಣ:

ಹಸ್ತದ ಮಳೆಯಿದು ಮೇಲ್ಗಡೆ ನಿಲ್ಲದು
ಸದ್ದೇ ಇಲ್ಲದೆ ಸೀಳಿಗೆ ಇಳಿಯಿತು

ಮೂರನೆಯ ಚರಣ:

ಮೋಡವೆ ಇಲ್ಲದ ಕಾರ್ತಿಕ ಹಗಲಲಿ
ಮೊಣಕಾಲ್ ಮುಟ್ಟಿದೆ ಜೋಳದ ಸುಳಿಗರಿ

ಆರು ಸಾಲಿನಲ್ಲಿ ಎಲ್ಲಿಯೂ ಅವಳ ಮನಸ್ಸಿನ ಪ್ರಸ್ತಾಪವಿಲ್ಲ. ಜೋಳದ ಗರಿ ಅವಳ ಮೊಣಕಾಲು ಮುಟ್ಟಬೇಕಾದರೆ ಅವಳು ಬದು ದಾಟಿ ಹೊಲದೊಳಗೆ ನಿಂತಿರಲೇಬೇಕು. ಮೊದಲ ಚರಣದ ಹಟ ಕರಗಿದ್ದು ಅಷ್ಟರಿಂದ ತಿಳಿಯುತ್ತದೆ. ಹಸ್ತದಲ್ಲಿ ಬಿತ್ತಿದ ಜೋಳ ಕಾರ್ತಿಕದ ಹೊತ್ತಿಗೆ ಅಷ್ಟು ಎತ್ತರ ಬಂದಿರುತ್ತದೆಯೇ ಎಂಬ ಲೆಕ್ಕವನ್ನೂ ಇಲ್ಲಿಯೇ ಪರಿಶೀಲಿಸಿಕೊಳ್ಳಬೇಕು. ಬಿತ್ತನೆ ಮತ್ತು ಎತ್ತರದ ನಡುವೆ ತಿಂಗಳಾದರೂ ಬೇಕು, ಇಲ್ಲಿ ಅದು ಸರಿಯಾಗಿ ಹೊಂದುತ್ತದೆ.

ಮಳೆಯನ್ನು ನೇರವಾಗಿ ಕರೆದು ಮಾತನಾಡಿಸುವ ಆಸೆಯಿದ್ದರೆ ಅದನ್ನು ಮೊದಲ ಚರಣಕ್ಕೆ ಸೀಮಿತಗೊಳಿಸಿ. ಉತ್ತರ ಕರ್ನಾಟಕದಲ್ಲಿ ಗುರ್ಜಿ ಎಂಬ ಮೂರ್ತಿಯನ್ನು ಹೊತ್ತವರ ತಲೆಯ ಮೇಲೆ ನೀರು ಸುರಿದು ಹಾಡುವುದಾಗಲಿ, ಹಳೇ ಮೈಸೂರಿನ ಮಳೆರಾಯನ ಆಚರಣೆಯಾಗಲಿ, ನಡೆಯುವುದು ಮಳೆ ಬಾರದಿದ್ದಾಗ. ಬಾ ಎಂದು ಕರೆಯುವುದು ಬರದ ಕಾಲದ ಮಾತು. ಸುರಿಯುತ್ತಿರುವ ಮಳೆಗೆ ಬಾ ಎನ್ನುತ್ತಲೇ ಇರುವ ಹಾಡುಗಳಲ್ಲಿ ಕಾಲವೇ ಗೊಂದಲವಾಗಿರುತ್ತದೆ.

ಹಂತ 5: ಪಲ್ಲವಿಯನ್ನು ಈಗ ಬರೆಯಿರಿ

ಪಲ್ಲವಿ ಮೊದಲು ಹಾಡಲ್ಪಡುತ್ತದೆ ಎಂಬ ಕಾರಣಕ್ಕೆ ಅದನ್ನು ಮೊದಲು ಬರೆಯಬೇಕಾಗಿಲ್ಲ. ಪ್ರತಿ ಚರಣದ ನಂತರವೂ ಅದು ಮರಳಿ ಬರುವುದರಿಂದ, ಮೂರು ಚರಣಗಳ ಹಿನ್ನೆಲೆಯಲ್ಲಿಯೂ ಸಲ್ಲುವ ಸಾಲುಗಳು ಬೇಕು. ಮೊದಲ ಹಂತದಲ್ಲಿ ಉಳಿಸಿಕೊಂಡ ವಸ್ತು ಈಗ ಒದಗಿ ಬರುತ್ತದೆ:

ಗೋಡೆಗೆ ಒರಗಿದೆ ಅಪ್ಪನ ಕೂರಿಗೆ
ಜೇಡವು ನೇಯ್ದಿದೆ ಬಟ್ಟಲ ಬಾಯಿಗೆ

ಕೊನೆಯ ಸಲ ಮರಳಿದಾಗ ಮೊದಲ ಸಾಲನ್ನು ಹಾಗೆಯೇ ಉಳಿಸಿ, ಎರಡನೆಯದನ್ನು ಮಾತ್ರ ಬದಲಿಸಿ:

ಗೋಡೆಗೆ ಒರಗಿದೆ ಅಪ್ಪನ ಕೂರಿಗೆ
ಹೂಡಿದ ಗುರುತಿಗೆ ಕೆಸರಿದೆ ಕಾಲಿಗೆ

ಕೂರಿಗೆ ಅದೇ ಗೋಡೆಗೆ ಒರಗಿದೆ, ಅಪ್ಪ ತಿರುಗಿ ಬಂದಿಲ್ಲ. ಬದಲಾದದ್ದು ಕೆಸರು ಮಾತ್ರ. ಇಡೀ ಪಲ್ಲವಿಯನ್ನು ಬದಲಿಸಿದರೆ ಕಳೆದುಕೊಂಡದ್ದು ಮರಳಿ ಸಿಕ್ಕಿತೆಂಬ ಭಾವ ಬರುತ್ತದೆ, ಏನನ್ನೂ ಬದಲಿಸದಿದ್ದರೆ ಚರಣಗಳು ವ್ಯರ್ಥವಾಗುತ್ತವೆ.

ಹಂತ 6: ಮಾತ್ರೆ ಎಣಿಸಿ, ತಾಳಕ್ಕೆ ಕೂರಿಸಿ

ಲಘು ಅಕ್ಷರಕ್ಕೆ ಒಂದು ಮಾತ್ರೆ, ಗುರುವಿಗೆ ಎರಡು ಎಂದು ಎಣಿಸಿದರೆ, ಮೇಲಿನ ಪ್ರತಿ ಸಾಲಿನಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣಗಳು, ಅಂದರೆ ಗುಂಪುಗಳು, ಇವೆ: ಗೋಡೆಗೆ, ಒರಗಿದೆ, ಅಪ್ಪನ, ಕೂರಿಗೆ. ಹದಿನಾರು ಮಾತ್ರೆಯ ಈ ಸಾಲು ಆದಿತಾಳಕ್ಕೂ ಕೆಹರವಾಕ್ಕೂ ಸಲೀಸಾಗಿ ಒಗ್ಗುತ್ತದೆ. ಮೂರು ಮಾತ್ರೆಯ ಗಣಗಳಲ್ಲಿ ಬರೆದರೆ ದಾದರಾ, ಐದರಲ್ಲಿ ಬರೆದರೆ ಖಂಡಛಾಪು, ಮೂರು ಮತ್ತು ನಾಲ್ಕು ಸೇರಿದ ಏಳರಲ್ಲಿ ಬರೆದರೆ ಮಿಶ್ರಛಾಪು ಸಹಜವಾಗಿ ಹೊಂದುತ್ತವೆ. ಮೇಜು ತಟ್ಟುತ್ತಾ ಓದಿದರೆ ಕೊರತೆ ಕೂಡಲೇ ಕಿವಿಗೆ ಬೀಳುತ್ತದೆ. ಮೊಳಕೈ ಆಳಕೆ ಎಂಬಲ್ಲಿ ಮೊಳಕೈವರೆಗೆ ಎಂದಿಟ್ಟರೆ ಕೊನೆಯ ಗಣದಲ್ಲಿ ಒಂದು ಮಾತ್ರೆ ಕಡಿಮೆಯಾಗಿ, ಹಾಡುವವರು ಗೆ ಎಂಬುದನ್ನು ಗೇ ಎಂದು ಎಳೆಯಬೇಕಾಗುತ್ತದೆ. ಒಂದು ಸಲವಾದರೆ ನಡೆದೀತು, ಪ್ರತಿ ಸಾಲಿಗೂ ಆದರೆ ಹಾಡು ಕುಂಟುತ್ತದೆ.

ಸಿದ್ಧ ಟ್ಯೂನಿಗೆ ಬರೆಯುವವರಿಗೆ ಇನ್ನೊಂದು ತೊಡಕಿದೆ. ಮಳೆ ಎಂಬುದರಲ್ಲಿ ಇರುವುದು ಎರಡೂ ಲಘುಗಳು. ಟ್ಯೂನಿನ ದೀರ್ಘಸ್ವರ ಬರುವ ಜಾಗಕ್ಕೆ ಅದರ ಮೊದಲ ಅಕ್ಷರವನ್ನು ಕೂರಿಸಿದರೆ ಗಾಯಕರ ಬಾಯಲ್ಲಿ ಅದು ಮಾಳೆ ಎಂದಾಗುತ್ತದೆ. ದೀರ್ಘಸ್ವರಕ್ಕೆ ಸೋನೆ, ಮೋಡ, ಹಸ್ತ ಮೊದಲಾದ ಗುರುವಿನಿಂದ ಆರಂಭವಾಗುವ ಪದಗಳನ್ನು ಇಟ್ಟು, ಮಳೆಯನ್ನು ಚಿಕ್ಕ ಸ್ವರಗಳಿರುವ ಜಾಗಕ್ಕೆ ಸರಿಸಿ. ಟ್ಯೂನಿನ ಅಳತೆಗೆಂದು ಕೊಡುವ ಅರ್ಥವಿಲ್ಲದ ಡಮ್ಮಿ ಸಾಲುಗಳ ಮೇಲೆ ಗುರು ಲಘು ಗುರುತು ಹಾಕಿಕೊಂಡು ಆಮೇಲೆ ಪದ ಹುಡುಕಿದರೆ ಈ ತೊಂದರೆ ಬರುವುದಿಲ್ಲ.

ಪ್ರಾಸದ ಪಟ್ಟಿಯನ್ನು ಈಗ ತೆರೆಯಬಹುದು. ಗೋಡೆಗೆ, ಜೇಡವು, ಹೂಡಿದ ಎಂಬಲ್ಲಿ ಎರಡನೆಯ ಅಕ್ಷರದ ಪ್ರಾಸವಿದೆ, ಎರೆನೆಲ ಮತ್ತು ಕರೆದರು ಎಂಬಲ್ಲಿಯೂ ಇದೆ. ಎರಡನೆಯ ಮತ್ತು ಮೂರನೆಯ ಚರಣಗಳಲ್ಲಿ ಇಲ್ಲ, ಅಲ್ಲಿ ಅಂತ್ಯಪ್ರಾಸದ ನೆರಳಷ್ಟೇ ಸಾಕೆಂದು ಬಿಟ್ಟಿದ್ದೇನೆ. ಪ್ರಾಸಕ್ಕಾಗಿ ಹಸ್ತವನ್ನು ಕೈಬಿಟ್ಟು ಬೇರೊಂದು ಮಳೆಯನ್ನು ತಂದರೆ ಜೋಳದ ಲೆಕ್ಕವೇ ತಪ್ಪುತ್ತದೆ.

ಹಂತ 7: ರಾಗ ಮತ್ತು ವಾದ್ಯ

ಇದು ಸಂಗೀತ ಸಂಯೋಜಕರ ಕೆಲಸವಾದ್ದರಿಂದ ಒಂದೇ ಸಲಹೆ. ಅಮೃತವರ್ಷಿಣಿ, ಮೇಘ, ಮಲ್ಹಾರ್‌ಗಳು ಮಳೆಗೆ ಹೆಸರಾದ ರಾಗಗಳು. ಪದಗಳಲ್ಲಿ ಮಳೆ ತುಂಬಿರುವಾಗ ರಾಗದಲ್ಲಿಯೂ ಅದೇ, ಹಿನ್ನೆಲೆಯಲ್ಲಿ ಹನಿಗಳ ಸದ್ದೂ ಅದೇ ಎಂದಾದರೆ ಮೂರೂ ಒಂದನ್ನೊಂದು ಮುಚ್ಚಿಹಾಕುತ್ತವೆ. ಮೊದಲ ಚರಣದಲ್ಲಂತೂ ಮಳೆಯ ಸದ್ದು ಬೇಡವೇ ಬೇಡ ಎಂದು ಹಾಳೆಯ ಅಂಚಿನಲ್ಲಿ ಬರೆದು ಕೊಡಿ.

ಹಂತ 8: ಹಾಡಿಸಿ, ಕಣ್ಣು ಮುಚ್ಚಿ ಕೇಳಿ

ಹಾಳೆಯ ಮೇಲೆ ಕಾಣದ ಅನರ್ಥಗಳು ಕಿವಿಗೆ ಕೇಳಿಸುತ್ತವೆ. ಕೂರಿಗೆಯ ಹಲ್ಲುಗಳನ್ನು ತಾಳು ಎನ್ನುತ್ತಾರೆ, ಮೂರು ತಾಳಿನ ಕೂರಿಗೆ ಎಂಬುದು ರೂಢಿಯ ಮಾತು. ಹಾಗೆಂದು ಕೆಸರಿದೆ ತಾಳಿಗೆ ಎಂದು ಬರೆದು ಹಾಡಿಸಿದರೆ, ಕೇಳುವವರಿಗೆ ಕೊರಳ ತಾಳಿ ನೆನಪಾಗಿ ಮಗಳ ಹಾಡು ವಿಧವೆಯ ಹಾಡಾಗಿಬಿಡುತ್ತದೆ. ಕಾಲಿಗೆ ಎಂಬ ಸಾಧಾರಣ ಪದ ಅಲ್ಲಿ ಉಳಿದದ್ದು ಈ ಕಾರಣಕ್ಕೆ.

ಹಾಡಿದವರನ್ನು ಅರ್ಥವಾಯಿತೇ ಎಂದು ಕೇಳಬೇಡಿ, ಎಲ್ಲರೂ ಹೌದೆನ್ನುತ್ತಾರೆ. ಯಾರು ಹೋಗಿದ್ದಾರೆ, ಕೊನೆಗೆ ಅವಳು ಎಲ್ಲಿ ನಿಂತಿದ್ದಾಳೆ ಎಂದು ಕೇಳಿ. ಎರಡನೆಯ ಪ್ರಶ್ನೆಗೆ ಹೊಲದಲ್ಲಿ ಎಂಬ ಉತ್ತರ ಬಾರದಿದ್ದರೆ ಮೂರನೆಯ ಚರಣಕ್ಕೆ ಮರಳಬೇಕು.

ಅಪಾಯದ ಸೂಚನೆಗಳು

ಹಾಡಿನಿಂದ ಮಳೆ ಎಂಬ ಪದವನ್ನು ತೆಗೆದು ಗಾಳಿ ಅಥವಾ ಬೆಳದಿಂಗಳು ಎಂದಿಟ್ಟರೂ ಅರ್ಥ ಕೆಡದಿದ್ದರೆ, ನಿಮ್ಮ ರೂಪಕ ಇನ್ನೂ ಹುಟ್ಟಿಲ್ಲ ಎಂದು ತಿಳಿಯಿರಿ. ಎರಡನೆಯ ಹಂತಕ್ಕೆ ಹಿಂತಿರುಗಿ. ತೊಳೆ, ಕೊಚ್ಚು, ಅಳಿಸು ಎಂಬ ಕ್ರಿಯಾಪದಗಳೇ ಹೆಚ್ಚಾಗಿದ್ದರೆ ಹಾಡು ಮರೆವಿನ ಬಗ್ಗೆ ಮಾತನಾಡುತ್ತಿದೆ. ಇಂಗು, ನೆನೆ, ಮೆತ್ತಗಾಗು, ಹದವಾಗು ಎಂಬವುಗಳ ಕಡೆ ತಿರುಗಿಸಿ ನೋಡಿ. ಕಣ್ಣೀರು ಮತ್ತು ಮಳೆ ಒಂದೇ ಸಾಲಿನಲ್ಲಿ ಬಂದಿದ್ದರೆ ಎರಡರಲ್ಲೊಂದನ್ನು ಹೊಡೆದುಹಾಕಿ.

ಕೊನೆಯದು ಕೇಳುಗರ ವಿಚಾರ. ಎಲ್ಲರಿಗೂ ಮಳೆ ಸಾಂತ್ವನವಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದ ಕೊಡಗಿನ ಊರುಗಳಲ್ಲಿ ರಾತ್ರಿಯ ಮಳೆಯ ಸದ್ದು ಬೇರೆಯೇ ನೆನಪನ್ನು ತರುತ್ತದೆ. 2009ರಲ್ಲಿ ಉತ್ತರ ಕರ್ನಾಟಕವನ್ನು ಮುಳುಗಿಸಿದ ನೆರೆ ಬಂದದ್ದು ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ, ಅಂದರೆ ನಮ್ಮ ಹಾಡಿನ ಹಸ್ತದ ದಿನಗಳಲ್ಲಿಯೇ. ಹಾಡನ್ನು ಆ ಸೀಮೆಗಳ ವೇದಿಕೆಗೆ ಒಯ್ಯುವುದಾದರೆ, ಮಳೆಯನ್ನು ಹೊಗಳುವ ವಿಶೇಷಣಗಳು ಎಲ್ಲಿವೆ ಎಂದು ಒಮ್ಮೆ ಹುಡುಕಿ ತೆಗೆಯಿರಿ. ಹಸ್ತದ ಮಳೆಯಿದು ಎಂಬ ಸಾಲಿನ ಮುಂದೆ ಕರುಣೆಯ, ಅಮೃತದ, ತಾಯಿಯಂಥ ಎಂಬ ಯಾವ ಮಾತನ್ನೂ ಇಡದೆ ಬಿಟ್ಟಿರುವುದು ಅದಕ್ಕಾಗಿಯೇ. ಸಂಯೋಜಕರು ಟ್ಯೂನಿನಲ್ಲಿ ಜಾಗ ಉಳಿದಿದೆ, ಅಂಥದ್ದೊಂದು ಪದ ಸೇರಿಸಿ ಎಂದು ಕೇಳಿದರೆ, ಆ ಜಾಗವನ್ನು ಕೊಳಲಿಗೆ ಬಿಟ್ಟುಕೊಡಿ.